ಕ್ರಿಸ್‌ಮಸ್ ಕೋಣೆಯಲ್ಲಿ ಅಜ್ಜಿಗೂ ಜಾಗವಿರಲಿ

ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಕೆಳಗಿಳಿಯುವ ಕಾಲ ಇದು. ಮಂಗಳೂರು, ಉಡುಪಿಯ ಕ್ರೈಸ್ತರ ಮನೆಗಳಲ್ಲಿ, ಬೆಂಗಳೂರಿನ ಹಳೆಯ ದಂಡು ಪ್ರದೇಶದ ಓಣಿಗಳಲ್ಲಿ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನು ಮನೆಗಳಲ್ಲಿ ಡಿಸೆಂಬರ್ ಎರಡನೇ ವಾರಕ್ಕೆ ಆ ಪೆಟ್ಟಿಗೆಯ ನೆನಪಾಗುತ್ತದೆ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟ ಗೋದಲಿಯ ಮಣ್ಣಿನ ಮೂರ್ತಿಗಳು, ಕಳೆದ ವರ್ಷದ ಕಾಗದದ ನಕ್ಷತ್ರ, ಗಂಟು ಬಿದ್ದ ಸೀರಿಯಲ್ ಸೆಟ್, ಬೆಳ್ಳಿ ಬಣ್ಣದ ಜರಿ ಹಗ್ಗ, ಹಿಮದ ಬದಲಿಗೆ ಹರಡಲು ಒಂದು ಸುರುಳಿ ಹತ್ತಿ. ಮುಂಭಾಗದ ಕೋಣೆಯ ಕುರ್ಚಿಗಳು ಸರಿಯುತ್ತವೆ, ಮೂಲೆ ಖಾಲಿಯಾಗುತ್ತದೆ, ಮಕ್ಕಳ ಕೈಗೆ ಅಂಟು, ಕತ್ತರಿ ಬರುತ್ತವೆ.

ಇಪ್ಪತ್ತನಾಲ್ಕರ ರಾತ್ರಿ ಪೂಜೆ ಮುಗಿಸಿ ಬಂದವರೆಲ್ಲ ಅದೇ ಕೋಣೆಯಲ್ಲಿ ಸೇರುತ್ತಾರೆ. ಕುಸ್ವಾರ್ ತಟ್ಟೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಸ್ವಲ್ಪ ಹೊತ್ತಿಗೆ ಮೂಲೆಯಿಂದ ಕೆಮ್ಮು ಶುರು. ಉಬ್ಬಸವಿರುವ ಅಜ್ಜಿಯದು. ಆಗ ಮನೆಯವರು ಪ್ರೀತಿಯಿಂದಲೇ ಹೇಳುವ ಮಾತು: ‘ನಿಮಗೆ ಈ ದೂಳು, ಹೊಗೆ ಆಗುವುದಿಲ್ಲ, ಒಳಗೆ ಹೋಗಿ ಮಲಗಿಕೊಳ್ಳಿ.’ ಅಷ್ಟಕ್ಕೆ ಅಜ್ಜಿಯ ಹಬ್ಬ ಮುಗಿಯಿತು. ವರ್ಷವಿಡೀ ಆ ರಾತ್ರಿಗಾಗಿ ಕಾದವರು ಗೋಡೆಯಾಚೆಯಿಂದ ನಗು ಕೇಳಿಸಿಕೊಳ್ಳುತ್ತಾ ಕೂರಬೇಕು.

ಇದು ತಪ್ಪಿಸಬಹುದಾದ ಕಷ್ಟ. ಅಜ್ಜಿಯನ್ನು ಕೋಣೆಯಿಂದ ಕಳಿಸುವ ಬದಲು ಕೋಣೆಯನ್ನೇ ಅಜ್ಜಿಗೆ ಹೊಂದಿಸಿಕೊಳ್ಳಬಹುದು. ಅದಕ್ಕೆ ಹೆಚ್ಚು ಹಣ ಬೇಡ. ಎರಡು ವಾರ ಮುಂಚಿತವಾಗಿ ಯೋಚಿಸಿದರೆ ಸಾಕು.

ತೊಂದರೆಯ ಮೂಲ ‘ಬೆಚ್ಚಗಿರಲಿ’ ಎಂಬ ನಮ್ಮ ಆಸೆಯಲ್ಲೇ ಇದೆ. ಕೋಣೆ ಬೆಚ್ಚಗಿರಲೆಂದು ಕಿಟಕಿ ಮುಚ್ಚುತ್ತೇವೆ, ದಪ್ಪ ಪರದೆ ಇಳಿಬಿಡುತ್ತೇವೆ, ಜಮಖಾನ ಹಾಸುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ. ಸಾಲದ್ದಕ್ಕೆ ಸೊಳ್ಳೆ ಬತ್ತಿ. ಹೀಗೆ ಹೊರಗಿನ ಗಾಳಿಗೆ ಬಾಗಿಲು ಹಾಕಿ, ಒಳಗೆ ದೂಳು-ಹೊಗೆಯ ಮೂಲಗಳನ್ನು ಗುಡ್ಡೆ ಹಾಕಿ, ಹದಿನೈದು ಜನ ಕೂತರೆ ಆರೋಗ್ಯವಂತರ ಮೂಗೇ ಕಟ್ಟುತ್ತದೆ. ಸೂಕ್ಷ್ಮವಾದ ಶ್ವಾಸನಾಳಗಳ ಪಾಡು ಏನಾಗಬೇಡ!

ಪೆಟ್ಟಿಗೆ ಕಂಡ ಮಳೆಗಾಲ

ಪೆಟ್ಟಿಗೆಯಿಂದಲೇ ಆರಂಭಿಸೋಣ. ಜನವರಿಯಲ್ಲಿ ಅಟ್ಟಕ್ಕೇರಿದ ಪೆಟ್ಟಿಗೆ ಡಿಸೆಂಬರಿನಲ್ಲಿ ಇಳಿಯುವ ಮೊದಲು ಒಂದು ಪೂರ್ತಿ ಮಳೆಗಾಲವನ್ನು ದಾಟಿರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ ಎಂದ ಮೇಲೆ ರಟ್ಟು, ಕಾಗದ, ಹತ್ತಿ, ಹುಲ್ಲು ತುಂಬಿದ ಪೆಟ್ಟಿಗೆ ಹೇಗೆ ಉಳಿದೀತು? ಕಣ್ಣಿಗೆ ಹಸಿರು-ಕಪ್ಪು ಕಲೆ ಕಾಣಿಸದಿದ್ದರೂ ಬೂಷ್ಟಿನ ಬೀಜಾಣುಗಳು ಅಲ್ಲಿರುತ್ತವೆ. ಜೊತೆಗೆ ತೇವವನ್ನು ಬಯಸುವ ದೂಳಿನ ನುಸಿಗಳು. ಬರಿಗಣ್ಣಿಗೆ ಕಾಣದ ಈ ಜೀವಿಗಳು ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು ಬದುಕುತ್ತವೆ. ಅಲರ್ಜಿ ಹುಟ್ಟಿಸುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಮುಚ್ಚಿದ ಕೋಣೆಯಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ‘ಪಟಪಟ’ ಕೊಡವಿದರೆ ಇವೆಲ್ಲ ಗಾಳಿಗೇರಿ ಗಂಟೆಗಟ್ಟಲೆ ತೇಲುತ್ತವೆ. ಹಬ್ಬದ ಉಬ್ಬಸ ಎಷ್ಟೋ ಸಲ ಶುರುವಾಗುವುದು ಹಬ್ಬದ ದಿನವಲ್ಲ, ಪೆಟ್ಟಿಗೆ ಬಿಚ್ಚಿದ ದಿನ.

ಆದ್ದರಿಂದ ಪೆಟ್ಟಿಗೆಯನ್ನು ಮನೆಯೊಳಗೆ ಬಿಚ್ಚಲೇಬೇಡಿ. ಅಂಗಳದಲ್ಲೋ ತಾರಸಿಯ ಮೇಲೋ ಬಿಸಿಲಲ್ಲಿ ಬಿಚ್ಚಿ. ಉಬ್ಬಸ, ಶೀತದ ಅಲರ್ಜಿ ಇಲ್ಲದವರು ಈ ಕೆಲಸ ಮಾಡಲಿ. ಕೊರೊನಾ ಕಾಲದ ಮಾಸ್ಕ್ ಇನ್ನೂ ಕಪಾಟಿನಲ್ಲಿದ್ದರೆ ಅದಕ್ಕೊಂದು ಸದುಪಯೋಗ. ಸುತ್ತಿದ್ದ ಹಳೆಯ ಪತ್ರಿಕೆ, ಹಳೆಯ ಹತ್ತಿ, ಹಳೆಯ ಹುಲ್ಲು ಎಸೆಯಿರಿ. ಇವನ್ನು ಉಳಿಸಿ ಮಾಡುವ ಉಳಿತಾಯ ವೈದ್ಯರ ಫೀಸಿಗೂ ಸಾಲದು. ಪ್ಲಾಸ್ಟಿಕ್ ಗಿಡವಿದ್ದರೆ ಹೊರಗೆ ನಿಲ್ಲಿಸಿ ನೀರು ಹುಯ್ದು ತೊಳೆದು ಒಣಗಿಸಿ. ಗೋಲಿ, ಗಂಟೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣ ಬಟ್ಟೆ ದೂಳನ್ನು ಅಳಿಸುವುದಿಲ್ಲ, ಎಬ್ಬಿಸುತ್ತದೆ. ಪರದೆ, ದಿಂಬಿನ ಹೊದಿಕೆಗಳನ್ನು 55-60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ.

ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಡುವ ಬಿಳಿಯ ನುಸಿಗುಳಿಗೆಯ ಬಗ್ಗೆ ಒಂದು ಮಾತು. ಅವುಗಳಲ್ಲಿ ನ್ಯಾಫ್ತಲೀನ್ ಇರುವುದುಂಟು. ‘ಜಿ6ಪಿಡಿ’ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಹಸುಗೂಸುಗಳಿಗೆ, ನುಸಿಗುಳಿಗೆಯ ವಾಸನೆ ತುಂಬಿದ ಬಟ್ಟೆ ಹೊದಿಸಿದ್ದಕ್ಕೇ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ, ತೀವ್ರ ರಕ್ತಹೀನತೆ ಬಂದದ್ದಿದೆ. ಈ ಕೊರತೆ ಇರುವುದು ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಬಾಣಂತಿ-ಮಗು ಇದ್ದರೆ ಟ್ರಂಕಿನಿಂದ ತೆಗೆದ ರಗ್ಗು, ಪರದೆಗಳನ್ನು ಒಗೆದು, ವಾಸನೆ ಪೂರ್ತಿ ಹೋದ ಮೇಲೆಯೇ ಬಳಸಿ. ಹಬ್ಬಕ್ಕೆಂದು ಗೋಡೆ, ಕಿಟಕಿಗೆ ಬಣ್ಣ ಹೊಡೆಸುವವರು ಆ ಕೆಲಸವನ್ನೂ ಎರಡು ವಾರ ಮೊದಲೇ ಮುಗಿಸಿಕೊಳ್ಳಲಿ. ಎಣ್ಣೆ ಬಣ್ಣದ ಘಾಟು ಹಬ್ಬದ ಮುನ್ನಾದಿನ ಯಾರಿಗೂ ಬೇಡ.

ಗಾಳಿಮರದ ಟೊಂಗೆ, ಗೋದಲಿಯ ಹುಲ್ಲು

‘ಪ್ಲಾಸ್ಟಿಕ್ ಗಿಡಕ್ಕಿಂತ ನಿಜವಾದ ಗಿಡವೇ ಒಳ್ಳೆಯದಲ್ಲವೆ?’ ಎಂದು ಕೇಳುವವರುಂಟು. ಪರಿಸರದ ಲೆಕ್ಕದಲ್ಲಿ ಇರಬಹುದು, ಮೂಗಿನ ಲೆಕ್ಕವೇ ಬೇರೆ. ಅಮೆರಿಕದ ಕನೆಕ್ಟಿಕಟ್‌ನ ವೈದ್ಯರು ಕಡಿದು ತಂದ ಕ್ರಿಸ್‌ಮಸ್ ಗಿಡವಿದ್ದ ಕೋಣೆಯ ಗಾಳಿಯನ್ನು ಅಳೆದು 2007ರಲ್ಲಿ ವರದಿ ಮಾಡಿದ್ದರು. ಮೊದಲ ಮೂರು ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 800 ಬೂಷ್ಟಿನ ಬೀಜಾಣುಗಳಿದ್ದವು. ಹದಿನಾಲ್ಕನೇ ದಿನಕ್ಕೆ ಅದು 5,000ಕ್ಕೆ ಏರಿತ್ತು. 2011ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ತಜ್ಞರು ಇಂಥ ಗಿಡಗಳ 28 ತುಣುಕುಗಳಲ್ಲಿ 53 ಬಗೆಯ ಬೂಷ್ಟು ಗುರುತಿಸಿದರು. ಅವು ಚಳಿದೇಶದ ಪೈನ್ ಜಾತಿಯ ಮರಗಳು. ನಮ್ಮಲ್ಲಿ ಕಡಿದು ತರುವುದು ಗಾಳಿಮರದ, ಬಯಲುಸೀಮೆಯವರು ಸರ್ವೆ ಎನ್ನುವ ಮರದ ಟೊಂಗೆ. ಮರ ಬೇರೆಯಾದರೂ ಪಾಠ ಅದೇ: ಕಡಿದ ಟೊಂಗೆ ಬೆಚ್ಚನೆಯ ಕೋಣೆಯಲ್ಲಿ ದಿನ ಕಳೆದಷ್ಟೂ ಕೆಡುತ್ತದೆ. ಡಿಸೆಂಬರ್ ಒಂದಕ್ಕೇ ತಂದು ನಿಲ್ಲಿಸುವ ಆತುರ ಬೇಡ. ಹಬ್ಬಕ್ಕೆ ಎರಡು-ಮೂರು ದಿನವಿರುವಾಗ ತಂದು, ಹೊರಗೆ ಚೆನ್ನಾಗಿ ಕೊಡವಿ, ನೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿ ಒಳತನ್ನಿ. ವಾರ ಕಳೆಯುತ್ತಲೇ ಹೊರಹಾಕಿ.

ಗೋದಲಿಗೆ ಹುಲ್ಲು ಬೇಡವೆಂದರೆ ಯಾರೂ ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಮೊದಲ ಗೋದಲಿ ಮಾಡಿದಾಗ ಹುಲ್ಲು ತುಂಬಿದ ಮೇವುಬಾನಿಯೇ ಅದರ ಕೇಂದ್ರವಾಗಿತ್ತು. ಜೀವಂತ ಎತ್ತು, ಕತ್ತೆಗಳೂ ಇದ್ದವು. ಆದರೆ ಅದು ಬೆಟ್ಟದ ಬಯಲು ಗಾಳಿಯಲ್ಲಿ ನಡೆದದ್ದು, ಹನ್ನೆರಡಡಿ ಕೋಣೆಯಲ್ಲಲ್ಲ. ಬೂಷ್ಟು ಹಿಡಿದ ಒಣಹುಲ್ಲು ಎಷ್ಟು ಕೆಟ್ಟದ್ದೆಂಬುದಕ್ಕೆ ‘ರೈತರ ಶ್ವಾಸಕೋಶ’ ಎಂಬ ಹೆಸರಿನ ಕಾಯಿಲೆಯೇ ಇದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಇಂಥ ಹುಲ್ಲಿನ ದೂಳು ಕುಡಿದವರಿಗೆ ಬರುವಂಥದು. ಗೋದಲಿಯ ಒಂದು ಹಿಡಿ ಹುಲ್ಲಿನಿಂದ ಅದು ಬರುವುದಿಲ್ಲ, ಹೆದರಬೇಡಿ. ಉಬ್ಬಸ ಕೆರಳಲು ಮಾತ್ರ ಆ ಹಿಡಿಯೇ ಸಾಕು. ಈ ವರ್ಷದ ಕೊಯ್ಲಿನ ಹೊಸ ಬೈಹುಲ್ಲನ್ನು ಎರಡು ದಿನ ಬಿಸಿಲಿಗೆ ಹಾಕಿ, ಕೊಡವಿ, ಸ್ವಲ್ಪವೇ ಬಳಸಿ. ಇನ್ನೂ ಚೆಲುವಾದ ಉಪಾಯ ನಮ್ಮ ಹಿರಿಯರದೇ. ಗೆರಟೆಯಲ್ಲಿ ಮಣ್ಣು ಹಾಕಿ ಬತ್ತ ಅಥವಾ ರಾಗಿ ಬಿತ್ತಿದರೆ ಹತ್ತು ದಿನದಲ್ಲಿ ಗೋದಲಿಗೆ ಹಸಿರು ಗದ್ದೆಯೇ ಸಿದ್ಧ. ದೂಳೂ ಇಲ್ಲ, ಬೆಂಕಿಯ ಭಯವೂ ಇಲ್ಲ, ಮಕ್ಕಳಿಗೆ ದಿನಾ ನೀರು ಚಿಮುಕಿಸುವ ಕೆಲಸ. ಗೋದಲಿಯ ಕೆರೆಗೆ ಮಾತ್ರ ನೀರು ತುಂಬಬೇಡಿ, ಕನ್ನಡಿ ಇಡಿ. ಮೂವರು ರಾಜರ ಹಬ್ಬದವರೆಗೆ, ಅಂದರೆ ಜನವರಿ 6ರ ತನಕ ಗೋದಲಿ ಇರುತ್ತದೆ. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಹಂತ ಮುಟ್ಟಲು ಅದರ ಅರ್ಧದಷ್ಟು ಕಾಲ ಸಾಕು.

ದೀಪ, ಕೆಂಡ

ಎಡಿಸನ್‌ರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯ ಗಿಡಕ್ಕೆ 80 ಪುಟ್ಟ ವಿದ್ಯುತ್ ಬಲ್ಬುಗಳನ್ನು ಕಟ್ಟುವ ಮೊದಲು ಯುರೋಪ್, ಅಮೆರಿಕದ ಮನೆಗಳಲ್ಲಿ ಗಿಡದ ಟೊಂಗೆಗೇ ಉರಿಯುವ ಮೇಣದ ಬತ್ತಿ ಸಿಕ್ಕಿಸುತ್ತಿದ್ದರು. ಪಕ್ಕದಲ್ಲೊಂದು ಬಕೆಟ್ ನೀರು! ನಾವು ಬಕೆಟ್ಟನ್ನು ಮರೆತಿದ್ದೇವೆ, ಬತ್ತಿಯನ್ನು ಮರೆತಿಲ್ಲ. ಹತ್ತಿ, ಹುಲ್ಲು, ಥರ್ಮಾಕೋಲ್, ಬಣ್ಣದ ಕಾಗದ ಇಷ್ಟೂ ಒಂದೇ ಮೂಲೆಯಲ್ಲಿರುವ ಗೋದಲಿಯ ಮುಂದೆ ಬತ್ತಿ ಹಚ್ಚುವುದು ಸರ್ವಥಾ ಬೇಡ. ಥರ್ಮಾಕೋಲ್ ಹತ್ತಿಕೊಂಡರೆ ಕ್ಷಣಾರ್ಧದಲ್ಲಿ ಕರಗಿ ಕಪ್ಪು ವಿಷದ ಹೊಗೆ ಕಕ್ಕುತ್ತದೆ. ಮೇಣದ ಬತ್ತಿ ಬೇಕೇ ಬೇಕೆಂದರೆ ಗೋದಲಿಯಿಂದ ದೂರ, ಅಗಲ ತಳದ ತಟ್ಟೆಯಲ್ಲಿ, ಪರದೆ ಮತ್ತು ಸೀರೆ ಸೆರಗಿಗೆ ತಾಗದಂತೆ ಒಂದೋ ಎರಡೋ ಸಾಕು. ಸುಗಂಧದ ಬತ್ತಿ, ಸ್ಪ್ರೇಗಳನ್ನು ಉಬ್ಬಸದವರಿರುವ ಮನೆಗೆ ತರಬೇಡಿ. ಗುಲಾಬಿಯ ಪರಿಮಳವೂ ಸೂಕ್ಷ್ಮ ಶ್ವಾಸನಾಳಕ್ಕೆ ಘಾಟೇ.

ಸುಟ್ಟರೆ ಮಾಡಬೇಕಾದದ್ದು ಒಂದೇ: ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದು. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ.

ಸೀರಿಯಲ್ ಸೆಟ್‌ಗಳಲ್ಲಿ ಈಗ ಎಲ್‌ಇಡಿ ಬಂದು ಬಲ್ಬಿನ ಶಾಖ ಕಡಿಮೆಯಾಗಿದೆ. ಆದರೆ ಕೂದಲಿನಷ್ಟು ತೆಳುವಾದ ವೈರು, ಟೇಪು ಸುತ್ತಿದ ಜೋಡಣೆ ಹಾಗೆಯೇ ಇವೆ. ಸಿಪ್ಪೆ ಸುಲಿದ ವೈರಿರುವ ಸೆಟ್ಟನ್ನು ರಿಪೇರಿ ಮಾಡದೆ ಬಿಸಾಡಿ. ನಕ್ಷತ್ರವನ್ನು ಹೊರಗೆ ತೂಗುಹಾಕುವಾಗ ಇಬ್ಬನಿ ಹೋಲ್ಡರಿಗೆ ಇಳಿಯದಂತೆ ನೋಡಿಕೊಳ್ಳಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ದರೆ ಶಾಕ್ ಹೊಡೆದಾಗ ಕರೆಂಟು ತಾನೇ ಕಡಿಯುತ್ತದೆ.

ಕೊಡಗು, ಚಿಕ್ಕಮಗಳೂರು ಕಡೆಯ ಓದುಗರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಚಳಿಗೆಂದು ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ತುಂಬಿ ಕೋಣೆಯೊಳಗೆ ಇಟ್ಟುಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಹೊಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವುದರಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲಶಾಲಿ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಸುಖವಾದ ತೂಕಡಿಕೆ. ಹಾಗೆ ಮಲಗಿದವರು ಏಳದಿರುವುದುಂಟು. ಹಬ್ಬದೂಟ ಮುಗಿಸಿದವರು ಈ ತೂಕಡಿಕೆಯನ್ನು ಊಟದ ಭಾರವೆಂದೇ ತಿಳಿಯುತ್ತಾರೆ. ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ಅನುಮಾನಿಸಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಚಳಿಗೆ ಕಂಬಳಿ, ಸ್ವೆಟರ್, ಬಿಸಿನೀರಿನ ಚೀಲ ಇವೆ. ಕೆಂಡ ಅಂಗಳದಲ್ಲಿರಲಿ.

ಅಂಬೆಗಾಲಿಡುವವರ ಎತ್ತರದಿಂದ ನೋಡಿ

ಕೋಣೆ ಸಿದ್ಧವಾದ ಮೇಲೆ ಒಮ್ಮೆ ನೆಲದ ಮೇಲೆ ಕೂತು ಸುತ್ತ ನೋಡಿ. ಒಂದೂವರೆ ವರ್ಷದ ಮಗುವಿನ ಕಣ್ಣಿಗೆ ಏನೇನು ಬೀಳುತ್ತದೆಂದು ಆಗ ತಿಳಿಯುತ್ತದೆ. ಈಚಿನ ವರ್ಷಗಳಲ್ಲಿ ಮಕ್ಕಳ ವೈದ್ಯರನ್ನು ಹೆಚ್ಚು ಕಾಡುವ ವಸ್ತುವೊಂದು ಅಲಂಕಾರದ ಪೆಟ್ಟಿಗೆಯಲ್ಲಿ ಸೇರಿಕೊಂಡಿದೆ. ಅದು ನಾಣ್ಯದಾಕಾರದ ಬ್ಯಾಟರಿ. ಮೇಣದ ಬತ್ತಿಯಂತೆ ಮಿನುಗುವ ಪುಟ್ಟ ಪ್ಲಾಸ್ಟಿಕ್ ದೀಪ, ತೆರೆದರೆ ಹಾಡುವ ಗ್ರೀಟಿಂಗ್ ಕಾರ್ಡ್, ಬಣ್ಣ ಬದಲಿಸುವ ದೀಪದ ರಿಮೋಟ್ ಇವುಗಳಲ್ಲೆಲ್ಲ ಇಂಥದೇ ಬ್ಯಾಟರಿ ಇರುತ್ತದೆ. ಸುಮಾರು 20 ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿ ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಗಾತ್ರ. ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಅನ್ನನಾಳದ ಗೋಡೆ ಸುಟ್ಟುಹೋಗಬಹುದು. ದೀಪ ಹತ್ತಿಸಲಾಗದಷ್ಟು ಖಾಲಿಯಾದ ಬ್ಯಾಟರಿಗೂ ಈ ಶಕ್ತಿ ಉಳಿದಿರುತ್ತದೆ.

ಮಗು ನುಂಗಿದ್ದನ್ನು ಯಾರೂ ನೋಡದಿದ್ದರೆ ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು, ಕೆಮ್ಮು ಇಷ್ಟೇ ಲಕ್ಷಣ. ಹಬ್ಬದ ಗದ್ದಲದಲ್ಲಿ ಇದನ್ನು ‘ಸಿಹಿ ಜಾಸ್ತಿಯಾಯಿತು’ ಎಂದುಕೊಳ್ಳುತ್ತಾರೆ. ಎಕ್ಸ್‌ರೇಯಲ್ಲಿ ನಾಣ್ಯದಂತೆ ಕಂಡರೂ ಅಂಚಿನಲ್ಲಿ ಎರಡು ಉಂಗುರ ಕಾಣುವುದು ಬ್ಯಾಟರಿಯ ಗುರುತು. ಅನುಮಾನ ಬಂದರೆ ನಾಳೆಗೆಂದು ಕಾಯಬೇಡಿ. ವಾಂತಿ ಮಾಡಿಸಬೇಡಿ. ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಮಗುವಿಗೆ ಒಂದು ವರ್ಷ ದಾಟಿದ್ದರೆ, ನುಂಗಿ ಹನ್ನೆರಡು ಗಂಟೆ ಕಳೆದಿರದಿದ್ದರೆ, ಮಗು ನುಂಗಬಲ್ಲದಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಅಂದರೆ 10 ಮಿಲಿಲೀಟರ್ ಜೇನು ಕೊಡಬಹುದು; ಆರು ಸಲ ಮೀರಬಾರದು. ಜೇನು ಸುಡುವಿಕೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಅದು ಆಸ್ಪತ್ರೆಗೆ ಬದಲಿ ಅಲ್ಲ. ಜೇನು ಹುಡುಕುತ್ತಾ ತಡಮಾಡುವುದು ಬೇಡ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ತಿರುಪು ಹಾಕಿದ ಮುಚ್ಚಳವಿಲ್ಲದ ಬ್ಯಾಟರಿ ದೀಪವನ್ನು ಚಿಕ್ಕ ಮಕ್ಕಳಿರುವ ಮನೆಗೆ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಗಿಡಗಳ ವಿಚಾರಕ್ಕೆ ಬಂದರೆ ನಮ್ಮ ಭಯ ತಪ್ಪು ಗಿಡದ ಮೇಲಿದೆ. ಡಿಸೆಂಬರಿನಲ್ಲಿ ಕೆಂಪೇರುವ ಪಾಯಿನ್ಸೆಟಿಯಾ ಮಹಾವಿಷವೆಂಬ ನಂಬಿಕೆ ಬಹಳ ಹಳೆಯದು. ಅಮೆರಿಕದಲ್ಲಿ ಇದನ್ನು ಬಾಯಿಗಿಟ್ಟ ಅಥವಾ ಮುಟ್ಟಿದ 22,793 ಪ್ರಕರಣಗಳ ದಾಖಲೆ ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಸಾವೂ ಇರಲಿಲ್ಲ. ಅದರ ಹಾಲು ಚರ್ಮಕ್ಕೆ, ಕಣ್ಣಿಗೆ ಉರಿ ತರಬಹುದು, ಅಷ್ಟೆ. ನಿಜವಾದ ವಿಷ ನಮ್ಮ ಬೇಲಿಯಲ್ಲೇ ಇದೆ. ಹಸಿರಿಗೆಂದು ಕಣಗಿಲೆಯ ಟೊಂಗೆ ಮುರಿದು ತರಬೇಡಿ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸಬಲ್ಲವು. ಹಸಿರು ಬಳೆಯಾಕಾರದ ಮಾಲೆಗೆ ಕೆಂಪು ಹಣ್ಣಿನಂತೆ ಕಾಣಲೆಂದು ಗುಲಗಂಜಿ ಪೋಣಿಸುವವರೂ ಇದ್ದಾರೆ. ಇಡಿಯಾದ ಗುಲಗಂಜಿಯ ಗಟ್ಟಿ ಸಿಪ್ಪೆ ವಿಷವನ್ನು ಒಳಗೇ ಹಿಡಿದಿಡುತ್ತದೆ. ಪೋಣಿಸಲು ತೂತು ಕೊರೆದ ಕಾಳು, ಅಗಿದ ಕಾಳು ಹಾಗಲ್ಲ.

ಅಜ್ಜಿಯ ಕುರ್ಚಿ

ಇಷ್ಟಾದ ಮೇಲೆ ಅಜ್ಜಿಯ ಕುರ್ಚಿ ಎಲ್ಲಿಡುವುದು? ಗೋದಲಿ ಕಾಣುವಂತೆ, ಆದರೆ ಅದಕ್ಕೆ ತಾಗಿ ಅಲ್ಲ. ತೆರೆದ ಕಿಟಕಿಗೆ ಹತ್ತಿರ, ಆದರೆ ಚಳಿಗಾಳಿ ನೇರ ಎದೆಗೆ ಬೀಸದಂತೆ. ಎದುರುಬದುರಾಗಿ ಎರಡು ಕಿಟಕಿಗಳು ನಾಲ್ಕು ಬೆರಳಷ್ಟಾದರೂ ತೆರೆದಿರಲಿ. ಹೆಗಲಿಗೊಂದು ಶಾಲು ಕೊಡಿ. ಕುರ್ಚಿಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ವೈರು, ಮಡಿಸಿದ ಜಮಖಾನ, ಆಟದ ಸಾಮಾನು ಇರಬಾರದು. ಈ ವಯಸ್ಸಿನಲ್ಲಿ ಎಡವಿ ತೊಡೆಯ ಮೂಳೆ ಮುರಿದರೆ ಮುಂದಿನ ಹಬ್ಬದವರೆಗೂ ಅದರದೇ ಕಥೆ. ಬಣ್ಣದ ದೀಪದ ಮಬ್ಬು ಬೆಳಕು ಚೆನ್ನ, ಆದರೆ ನಡೆಯುವ ದಾರಿಗೆ ಬಿಳಿಯ ದೀಪವೊಂದು ಬೇಕು.

ಅವರು ದಿನವೂ ತೆಗೆದುಕೊಳ್ಳುವ ಇನ್‌ಹೇಲರನ್ನು ಹಬ್ಬದ ಓಡಾಟದಲ್ಲಿ ಬಿಡುವಂತಿಲ್ಲ. ‘ಪಂಪ್ ಅಭ್ಯಾಸವಾಗಿಬಿಡುತ್ತದೆ’ ಎಂಬ ಮಾತು ಇನ್ನೂ ಕೇಳಿಬರುತ್ತದೆ, ಅದರಲ್ಲಿ ಹುರುಳಿಲ್ಲ. ಮಾತ್ರೆಗಿಂತ ಎಷ್ಟೋ ಕಡಿಮೆ ಪ್ರಮಾಣದ ಔಷಧಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ತಕ್ಷಣ ಉಸಿರು ಸಡಿಲಿಸುವ ಪಂಪೊಂದನ್ನೇ ನಂಬಿಕೊಂಡಿರುವುದೂ ಸರಿಯಲ್ಲವೆಂಬುದು ಈಗಿನ ತಿಳಿವಳಿಕೆ. ಶ್ವಾಸನಾಳದ ಊತ ಇಳಿಸುವ ಔಷಧಿಯೂ ಜೊತೆಗಿರಬೇಕು. ಹಬ್ಬಕ್ಕೆ ವಾರ ಮೊದಲೇ ವೈದ್ಯರನ್ನು ಕಂಡು, ಪಂಪ್‌ನಲ್ಲಿ ಔಷಧಿ ಉಳಿದಿದೆಯೇ ನೋಡಿಕೊಳ್ಳಿ. ಇಪ್ಪತ್ತೈದರ ಬೆಳಗಿನ ಜಾವ ಎಷ್ಟು ಔಷಧಿ ಅಂಗಡಿ ತೆರೆದಿರುತ್ತವೆ? ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು ಇವು ಆಸ್ಪತ್ರೆಗೆ ಹೊರಡಬೇಕಾದ ಸೂಚನೆಗಳು. ಕೇಕ್ ಕತ್ತರಿಸುವವರೆಗೂ ತಡೆಯುವಂಥವಲ್ಲ.

ಮೂವರು ರಾಜರ ಹಬ್ಬ ಕಳೆದು ಎಲ್ಲವನ್ನೂ ಬಿಚ್ಚುವಾಗ ಮುಂದಿನ ಮಳೆಗಾಲ ನೆನಪಿರಲಿ. ರಟ್ಟಿನ ಪೆಟ್ಟಿಗೆಯ ಬದಲು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಅಥವಾ ತಗಡಿನ ಟ್ರಂಕು ಇರಲಿ. ಮೂರ್ತಿಗಳನ್ನು ಒರೆಸಿ, ಒಂದು ದಿನ ಬಿಸಿಲು ಕಾಣಿಸಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ದೀಪಗಳಿಂದ ಬ್ಯಾಟರಿ ತೆಗೆದು, ಎರಡೂ ಬದಿಗೆ ಟೇಪ್ ಅಂಟಿಸಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಥರ್ಮಾಕೋಲ್ ಸುಡಬೇಡಿ. ಗೋದಲಿಯ ಬೈಹುಲ್ಲಿನಲ್ಲಿ ಗುಂಡುಸೂಜಿ, ಜರಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಹಸುವಿಗೆ ಹಾಕಿ. ಉಳಿದಿದ್ದರೆ ಅದನ್ನು ಆರಿಸಿ ತೆಗೆದು, ಹುಲ್ಲನ್ನು ತೆಂಗಿನ ಬುಡಕ್ಕೆ ಹಾಕಿ.